ಜೀವಕೋಶದ ನಾಡಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ವಿಜ್ಞಾನಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಯೊಂದಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ ಹಳೆಯ ನೆನಪುಗಳನ್ನು ಹಂಚಿಕೊಳ್ಳುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಹಿರಿಯರು ಈಗಾಗಲೇ ಸೊಗಸಾಗಿ ನೆರವೇರಿಸಿದ್ದಾರೆ. ಸಮಿತಿಯವರು ನಮಗೆ ಬೇರೊಂದು ಹೊಣೆಯನ್ನು ಒಪ್ಪಿಸಿದರು. ಇಲ್ಲಿಂದ ಹೋದ ನೀವು ಮಾಡುತ್ತಿರುವ ಕೆಲಸವೇನು, ಅದನ್ನು ನಮ್ಮ ಊರಿನವರಿಗೆ ಅರ್ಥವಾಗುವಂತೆ ತಿಳಿಸಿ ಎಂದರು. ಈ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿತು, ಇಂದು ಲಸಿಕೆ ಮತ್ತು ಔಷಧಗಳ ತಯಾರಿಕೆಯಲ್ಲಿ ತೊಡಗಿರುವ ನಾವು ಕೆಲವರು ಒಟ್ಟಿಗೆ ಕುಳಿತು ಈ ಮಾತುಗಳನ್ನು ಸಿದ್ಧಪಡಿಸಿದ್ದೇವೆ. ನಮ್ಮ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಉಕ್ಕಿನ ತೊಟ್ಟಿಗಳಲ್ಲಿ ಬೆಳೆಯುವ ಜೀವಕೋಶಗಳು ಆರೋಗ್ಯವಾಗಿವೆಯೇ ಎಂದು ಹಗಲಿರುಳು ನೋಡಿಕೊಳ್ಳುವುದು.

ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬರಬೇಕಾದ ಈ ಬೆಟ್ಟದ ಸೀಮೆಗೂ ಅಂಥ ತೊಟ್ಟಿಗಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ಅದನ್ನು ಎರಡು ಸೂಜಿಗಳ ಮೂಲಕ ತೋರಿಸುತ್ತೇವೆ.

ಮೊದಲನೆಯದು ನಾಯಿಕಡಿತದ ಸೂಜಿ. ನಮ್ಮ ಶಾಲೆ ಆರಂಭವಾದ ಕಾಲಕ್ಕೆ ಈ ಭಾಗದ ಜನರಿಗೆ ಹುಚ್ಚುನಾಯಿಯ ಕಡಿತವೆಂದರೆ ನೆನಪಾಗುತ್ತಿದ್ದ ಊರು ನೀಲಗಿರಿಯ ಕೂನೂರು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಅವರು ಕೊಟ್ಟ ಹಣದ ನೆರವಿನಿಂದ 1907ರಲ್ಲಿ ಅಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಅನಂತರದ ದಶಕಗಳಲ್ಲಿ ನಮ್ಮ ದೇಶದಲ್ಲಿ ಬಳಕೆಗೆ ಬಂದ ಲಸಿಕೆಯನ್ನು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದರು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಸೋಂಕು ತಗುಲಿದ ಕುರಿಯ ಮೆದುಳನ್ನು ಅರೆದು, ವೈರಸ್ಸನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆ ಅದು. ಅದರಲ್ಲಿ ನರದ ಅಂಶ ಉಳಿದಿರುತ್ತಿದ್ದ ಕಾರಣ ಕೆಲವರಿಗೆ ಪಾರ್ಶ್ವವಾಯುವಿನಂಥ ತೊಂದರೆಯೂ ಆಗುತ್ತಿತ್ತು. 2004ರ ಕೊನೆಗೆ ಭಾರತ ಆ ಲಸಿಕೆಯ ತಯಾರಿಕೆಯನ್ನು ನಿಲ್ಲಿಸಿತು. ಇಂದು ನಮ್ಮ ಮಕ್ಕಳಿಗೆ ತೋಳಿನಲ್ಲಿ ಹಾಕುವ ರೇಬೀಸ್ ಲಸಿಕೆ ಬಹುಮಟ್ಟಿಗೆ ವೆರೊ ಎಂಬ ಜೀವಕೋಶಗಳಲ್ಲಿ ಬೆಳೆದದ್ದು. ಅಂಥ ಲಸಿಕೆಯನ್ನು ತಯಾರಿಸುವ ಕಾರ್ಖಾನೆಯೊಂದು ಇಲ್ಲಿಂದ ದೂರವಲ್ಲದ ಊಟಿಯಲ್ಲಿಯೇ ಇದೆ.

ಎರಡನೆಯದು ದನಕರುಗಳ ಸೂಜಿ. ಕಾಲುಬಾಯಿ ಜ್ವರವೆಂದರೆ ಏನೆಂದು ನಾವು ಈ ಸಭೆಗೆ ವಿವರಿಸಬೇಕಾಗಿಲ್ಲ. ಬಾಯಲ್ಲಿ ಹುಣ್ಣಾಗಿ ಜೊಲ್ಲು ಸುರಿಸುತ್ತ ಮೇವು ಬಿಟ್ಟ ಹಸುವನ್ನೂ, ಗೊರಸು ಬಿರಿದು ಹೆಜ್ಜೆ ಎತ್ತಲಾರದ ಎತ್ತನ್ನೂ ಕಂಡವರೇ ಇಲ್ಲಿ ಹೆಚ್ಚು. ಉಳುಮೆಯ ಹೊತ್ತಿಗೆ ಎತ್ತು ಮಲಗಿದರೆ ಆ ಮನೆಯ ವರ್ಷವೇ ಮಲಗಿದಂತೆ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆ ಈ ರೋಗದ್ದೇ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ ಈ ಲಸಿಕೆಯೊಡನೆ ಬಹುಕಾಲದ ನಂಟು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಹೈದರಾಬಾದಿನಲ್ಲಿ ಇದಕ್ಕೆಂದೇ 1982ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. ಈ ಲಸಿಕೆಯೂ ಜೀವಕೋಶಗಳಲ್ಲಿಯೇ ಬೆಳೆಯುತ್ತದೆ.

ಹಾಗಾದರೆ ಮಗುವಿನ ತೋಳಿಗೂ ಹಸುವಿನ ಕುತ್ತಿಗೆಗೂ ಬೀಳುವ ಸೂಜಿಯ ಸತ್ವ ಎಲ್ಲಿ ನಿರ್ಧಾರವಾಗುತ್ತದೆ? ತೊಟ್ಟಿಯೊಳಗಿನ ಕೋಶಗಳು ಆರೋಗ್ಯವಾಗಿದ್ದವೇ, ಅವು ಸೊರಗತೊಡಗಿದಾಗ ಯಾರಾದರೂ ಸಕಾಲದಲ್ಲಿ ಗಮನಿಸಿದರೇ ಎಂಬ ಪ್ರಶ್ನೆಯಲ್ಲಿ ಅದು ಬಹುಮಟ್ಟಿಗೆ ಅಡಗಿದೆ. ನಮ್ಮ ಇಂದಿನ ವಿಷಯ ಇದೇ.

ಕೋಶವನ್ನು ಸಾಕುವುದೆಂದರೇನು?

ಮೊಸರು ಹಾಕಲು ಬಲ್ಲ ಯಾವ ತಾಯಿಗೂ ಈ ವಿದ್ಯೆಯ ಮೊದಲ ಪಾಠ ಗೊತ್ತಿದೆ. ಒಳ್ಳೆಯ ಹೆಪ್ಪು ಬೇಕು, ಹಾಲು ಹದವಾಗಿ ಬೆಚ್ಚಗಿರಬೇಕು, ಪಾತ್ರೆ ಶುಚಿಯಾಗಿರಬೇಕು. ನಮ್ಮ ಬೆಟ್ಟದ ಮಾಗಿಯ ಚಳಿಯಲ್ಲಿ ಇಡ್ಲಿಯ ಹಿಟ್ಟು ಉಬ್ಬದೆ ಹಠ ಮಾಡುವುದೇಕೆ? ಅದರೊಳಗಿನ ಜೀವಿಗಳು ಚಳಿಗೆ ಮುದುಡಿರುತ್ತವೆ. ಕಾರ್ಖಾನೆಯಲ್ಲಿಯೂ ಇದೇ ನಿಯಮ. ಅಲ್ಲಿಯ ಹೆಪ್ಪು, ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಿಟ್ಟ ಬೆರಳುದ್ದದ ಒಂದು ಸೀಸೆ. ಅದನ್ನು ಕರಗಿಸಿ ಸಣ್ಣ ಜಾಡಿಗೆ, ಅಲ್ಲಿಂದ ದೊಡ್ಡ ಜಾಡಿಗೆ, ಅಲ್ಲಿಂದ ಸಣ್ಣ ತೊಟ್ಟಿಗೆ, ಕೊನೆಗೆ ಸಾವಿರಾರು ಲೀಟರಿನ ತೊಟ್ಟಿಗೆ ಬೆಳೆಸುತ್ತ ಹೋಗುತ್ತಾರೆ. ಈ ತೊಟ್ಟಿಗೆ ಬಯೋರಿಯಾಕ್ಟರ್ ಎಂದು ಹೆಸರು. ಪ್ರಾಣಿಕೋಶಗಳಿಗೆ ಅದರಲ್ಲಿ ಸುಮಾರು 37 ಡಿಗ್ರಿ ಶಾಖ, ಆಮ್ಲವೂ ಕ್ಷಾರವೂ ಅತಿಯಾಗದ 7ರ ಆಸುಪಾಸಿನ ಪಿಎಚ್, ಕರಗಿದ ಆಮ್ಲಜನಕ, ಸಕ್ಕರೆ, ಅಮೈನೊ ಆಮ್ಲಗಳು ಇವೆಲ್ಲ ಅಳತೆಗೆ ತಕ್ಕಂತೆ ದೊರೆಯಬೇಕು.

ಇಂಥ ಒಂದು ಕೋಶ ಎಷ್ಟು ಚಿಕ್ಕದೆಂದರೆ, ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 70 ಕೋಶಗಳನ್ನು ಸಾಲಾಗಿ ಇಡಬಹುದು. ಚೆನ್ನಾಗಿ ಬೆಳೆದ ತೊಟ್ಟಿಯ ಒಂದು ಮಿಲಿಲೀಟರಿನಲ್ಲಿ ಒಂದು ಕೋಟಿ ಕೋಶಗಳಿರಬಹುದು. ಎರಡು ಸಾವಿರ ಲೀಟರಿನ ತೊಟ್ಟಿಯಾದರೆ ಲೆಕ್ಕ 20 ಲಕ್ಷ ಕೋಟಿಗೆ ಹೋಗುತ್ತದೆ. ಇಷ್ಟು ದೊಡ್ಡ ಮಂದೆಯಲ್ಲಿ ಯಾವುದಕ್ಕೆ ಜ್ವರ, ಯಾವುದಕ್ಕೆ ಹಸಿವು ಎಂದು ತಿಳಿಯುವುದು ಹೇಗೆ?

ಎಣಿಕೆ ಮತ್ತು ನೀಲಿ ಬಣ್ಣ

ಅತ್ಯಂತ ಹಳೆಯ, ಇಂದಿಗೂ ನಿತ್ಯ ನಡೆಯುವ ಕ್ರಮ ಎಣಿಕೆ. ತೊಟ್ಟಿಯಿಂದ ಒಂದಿಷ್ಟು ದ್ರವ ತೆಗೆದು, ಅಷ್ಟೇ ಪ್ರಮಾಣದ ಟ್ರಿಪಾನ್ ನೀಲಿ ಎಂಬ ಬಣ್ಣವನ್ನು ಬೆರೆಸುತ್ತಾರೆ. ಜೀವಂತ ಕೋಶದ ಪೊರೆ ಗಟ್ಟಿಯಾಗಿರುವುದರಿಂದ ಬಣ್ಣ ಒಳಗೆ ಹೋಗದು. ಕೋಶ ಬೆಳ್ಳಗೆ ಹೊಳೆಯುತ್ತದೆ. ಸತ್ತ ಕೋಶದ ಪೊರೆ ಹರಿದಿರುವುದರಿಂದ ಬಣ್ಣ ಒಳನುಗ್ಗಿ ಅದು ನೀಲಿಯಾಗುತ್ತದೆ. ಗೆರೆಗಳನ್ನು ಕೊರೆದ ವಿಶೇಷ ಗಾಜಿನ ಮೇಲೆ ಇದನ್ನಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸುತ್ತಾರೆ.

ಮಕ್ಕಳೆ, ಈ ಲೆಕ್ಕವನ್ನು ನೀವೂ ಮಾಡಬಲ್ಲಿರಿ. ನಾಲ್ಕು ಮೂಲೆಗಳ ನಾಲ್ಕು ಚೌಕಗಳಲ್ಲಿ ಬಿಳಿಯ ಕೋಶಗಳು ಒಟ್ಟು 200, ನೀಲಿಯವು 10 ಇವೆ ಎಂದುಕೊಳ್ಳಿ. ಒಂದು ಚೌಕಕ್ಕೆ ಸರಾಸರಿ 50 ಜೀವಂತ ಕೋಶಗಳಾದವು. ಬಣ್ಣ ಬೆರೆಸಿ ಎರಡು ಪಾಲು ಮಾಡಿದ್ದರಿಂದ ಎರಡರಿಂದ ಗುಣಿಸಿ. ಒಂದು ಚೌಕದ ಮೇಲಿನ ದ್ರವ ಮಿಲಿಲೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗವಾದ್ದರಿಂದ 10,000ದಿಂದ ಗುಣಿಸಿ. ಮಿಲಿಲೀಟರಿಗೆ 10 ಲಕ್ಷ ಜೀವಂತ ಕೋಶಗಳೆಂದಾಯಿತು. ಒಟ್ಟು 210ರಲ್ಲಿ 200 ಜೀವಂತ ಎಂದರೆ ಶೇಕಡ 95. ಈ ಶೇಕಡಾವಾರು ಅಂಕಿಯೇ ಕೋಶಗಳ ಜೀವಂತಿಕೆಯ ಪ್ರಮಾಣ. ಕೋಟ್ಯಂತರ ರೂಪಾಯಿಗಳ ಕಾರ್ಖಾನೆಯಲ್ಲಿ ಪ್ರತಿದಿನ ಬರೆದಿಡುವ ಈ ಅಂಕಿಯ ಹಿಂದೆ ಇರುವುದು ಏಳನೆಯ ತರಗತಿಯ ಗಣಿತ.

ಆದರೆ ಈ ಅಂಕಿಯನ್ನಷ್ಟೇ ನಂಬಿ ಕೂರುವಂತಿಲ್ಲ. ಅದಕ್ಕೆ ಎರಡು ಕಾರಣಗಳಿವೆ.

ಒಂದು, ನೀಲಿ ಬಣ್ಣ ತಿಳಿಸುವುದು ಸಾವನ್ನು ಮಾತ್ರ, ಕಾಯಿಲೆಯನ್ನಲ್ಲ. ಜೀವಕೋಶ ತಾನಾಗಿಯೇ, ಒಂದು ಕ್ರಮಕ್ಕೆ ಒಳಪಟ್ಟು ಸಾಯುವುದುಂಟು. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಮಾತು ಅದು. ಉದುರುವ ಎಲೆ ಮೊದಲು ಹಣ್ಣಾಗುವಂತೆ, ಈ ಕೋಶವೂ ಒಳಗೊಳಗೇ ಕುಗ್ಗುತ್ತದೆ; ಪೊರೆಯ ಒಳಮೈಯಲ್ಲಿರಬೇಕಾದ ಒಂದು ಕೊಬ್ಬಿನ ಅಣು ಹೊರಮೈಗೆ ಬರುತ್ತದೆ; ಆದರೆ ಪೊರೆ ಇನ್ನೂ ಹರಿದಿರುವುದಿಲ್ಲ. ಅಂಥ ಕೋಶಕ್ಕೆ ನೀಲಿ ಬಣ್ಣ ಹತ್ತದು. ಗೋಡೆ ನಿಂತಿದೆ, ಬಾಗಿಲು ಮುಚ್ಚಿದೆ, ಆದರೆ ಒಲೆ ಉರಿಯುತ್ತಿಲ್ಲ. ಬೀದಿಯಲ್ಲಿ ನಿಂತು ನೋಡುವವರಿಗೆ ಮನೆ ಸರಿಯಾಗಿಯೇ ಕಾಣುತ್ತದೆ.

ಎರಡು, ಪೂರ್ತಿ ಒಡೆದುಹೋದ ಕೋಶ ಎಣಿಕೆಗೇ ಸಿಗದು. ಇದನ್ನು ಶಾಲೆಯ ಉದಾಹರಣೆಯಿಂದಲೇ ಹೇಳಬಹುದು. ನೂರು ಮಕ್ಕಳು ಸೇರಿದ ತರಗತಿಯಲ್ಲಿ ಮೂವತ್ತು ಮಕ್ಕಳು ನಡುವೆಯೇ ಓದು ಬಿಟ್ಟರೆಂದು ಭಾವಿಸೋಣ. ಉಳಿದ ಎಪ್ಪತ್ತರಲ್ಲಿ ಶೇಕಡ 95 ಮಂದಿ ತೇರ್ಗಡೆಯಾದರೆ ಫಲಿತಾಂಶದ ಫಲಕ ಹೊಳೆಯುತ್ತದೆ. ಬಿಟ್ಟುಹೋದ ಮೂವತ್ತು ಮಕ್ಕಳ ಸುಳಿವು ಅದರಲ್ಲಿರುವುದಿಲ್ಲ. ತೊಟ್ಟಿಯಲ್ಲಿಯೂ ಹೀಗೆಯೇ. ಆದ್ದರಿಂದ ಜಾಣರಾದವರು ಶೇಕಡಾವಾರಿನ ಜೊತೆಗೆ ಒಟ್ಟು ಸಂಖ್ಯೆಯನ್ನೂ ನೋಡುತ್ತಾರೆ. ಒಡೆದ ಕೋಶಗಳಿಂದ ಸೋರಿದ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ದ್ರವದಲ್ಲಿ ಎಷ್ಟಿದೆ ಎಂದೂ ಅಳೆಯುತ್ತಾರೆ. ಕಣ್ಣಿಗೆ ಕಾಣದೆ ಹೋದವರ ಲೆಕ್ಕವನ್ನು ಆ ಕಿಣ್ವ ಒಪ್ಪಿಸುತ್ತದೆ.

ಕೊಟ್ಟಿಗೆಯ ವಿದ್ಯೆ

ಹಸುವಿಗೆ ಹುಷಾರಿಲ್ಲವೆಂದು ನಮ್ಮ ಮನೆಗಳಲ್ಲಿ ಹೇಗೆ ತಿಳಿಯುತ್ತಿದ್ದರು? ಅದು ನೆಲಕ್ಕೆ ಬೀಳುವವರೆಗೆ ಯಾರೂ ಕಾಯುತ್ತಿರಲಿಲ್ಲ. ಮೂತಿಯ ತೇವ ಆರಿದೆಯೇ, ಕಿವಿ ಜೋತಿದೆಯೇ, ಮೆಲುಕು ನಿಂತಿದೆಯೇ, ಹಾಕಿದ ಮೇವು ಉಳಿದಿದೆಯೇ, ಸಗಣಿ ಹೇಗಿದೆ ಎಂದು ಬೆಳಗ್ಗೆ ಕೊಟ್ಟಿಗೆಗೆ ಕಾಲಿಟ್ಟೊಡನೆ ಹಿರಿಯರ ಕಣ್ಣು ಓಡಾಡುತ್ತಿತ್ತು. ದೀಪಾವಳಿಯ ಮಾರನೆಯ ದಿನಗಳಲ್ಲಿ ಗುಮಟಾಪುರದ ಗೊರೆಹಬ್ಬದಲ್ಲಿ ಸಗಣಿಯನ್ನೇ ಸಂಭ್ರಮವಾಗಿಸಿದ ಸೀಮೆಯವರಾದ ನಮಗೆ ಸಗಣಿಯಿಂದ ಆರೋಗ್ಯ ಓದುವುದು ಹೊಸತಲ್ಲ.

ಕೋಶಗಳ ಆರೋಗ್ಯವನ್ನು ತಿಳಿಯುವ ಕ್ರಮವೂ ಹೀಗೆಯೇ. ಮೇವನ್ನು ನೋಡಬೇಕು: ದ್ರವದಲ್ಲಿ ಗ್ಲೂಕೋಸ್ ಎಷ್ಟು ವೇಗದಲ್ಲಿ ಇಳಿಯುತ್ತಿದೆ? ವಿಸರ್ಜನೆಯನ್ನು ನೋಡಬೇಕು: ಲ್ಯಾಕ್ಟೇಟ್, ಅಮೋನಿಯ ಎಷ್ಟು ಸೇರಿಕೊಂಡಿವೆ? ಚೆನ್ನಾಗಿ ನಡೆದಿರುವ ಸಾಕಣೆಯಲ್ಲಿ ಮೊದಲು ಏರಿದ ಲ್ಯಾಕ್ಟೇಟನ್ನು ಅನೇಕ ವೇಳೆ ಕೋಶಗಳು ಅನಂತರ ತಾವೇ ಬಳಸಿಕೊಳ್ಳುತ್ತವೆ. ಅದು ಏರುತ್ತಲೇ ಹೋದರೆ ಏನೋ ಎಡವಟ್ಟಾಗಿದೆ ಎಂದು ಅರ್ಥ. ಉಸಿರನ್ನು ನೋಡಬೇಕು: ಗಾಳಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಕರಗಿದ ಆಮ್ಲಜನಕ ಇಳಿಯತೊಡಗುತ್ತದೆ. ಬೇಗ ಇಳಿದರೆ ಮಂದೆ ಚುರುಕಾಗಿ ಉಸಿರಾಡುತ್ತಿದೆ. ಕೋಶಗಳ ಸಂಖ್ಯೆ ಅಷ್ಟೇ ಇದ್ದರೂ ನಿಧಾನವಾಗಿ ಇಳಿದರೆ ಕೋಶಗಳು ಸೊರಗುತ್ತಿವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂದಿನ ತೊಟ್ಟಿಗಳಲ್ಲಿ ಆಮ್ಲಜನಕದ ಮಟ್ಟವನ್ನು ಯಂತ್ರವೇ ಕಾಯುತ್ತದೆ. ಕಡಿಮೆಯಾದರೆ ತಾನೇ ಹೆಚ್ಚು ಬಿಡುತ್ತದೆ, ಹೆಚ್ಚಾದರೆ ತಾನೇ ತಗ್ಗಿಸುತ್ತದೆ. ಹೀಗಾಗಿ ಪರದೆಯ ಮೇಲಿನ ಗೆರೆ ಸದಾ ನೇರವಾಗಿಯೇ ಇರುತ್ತದೆ. ಆ ಗೆರೆಯನ್ನು ನೇರವಾಗಿಡಲು ಯಂತ್ರ ಎಷ್ಟು ಶ್ರಮ ಪಡುತ್ತಿದೆ ಎಂಬುದೇ ನಿಜವಾದ ಸುದ್ದಿ. ನಮ್ಮಲ್ಲೊಬ್ಬರು ರಾತ್ರಿಪಾಳಿಯಲ್ಲಿ ಕಂಡ ಪ್ರಸಂಗವನ್ನು ಹೇಳುತ್ತೇವೆ. ಆ ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಸಂಜೆಯ ಎಣಿಕೆಯಲ್ಲಿ ಜೀವಂತಿಕೆ ಶೇಕಡ 95 ಬಂದಿತ್ತು. ಶಾಖ, ಪಿಎಚ್, ಆಮ್ಲಜನಕ, ಮೂರೂ ಗೆರೆಗಳು ನೇರವಾಗಿದ್ದವು. ಆದರೆ ಯಂತ್ರ ಒಳಬಿಡುತ್ತಿದ್ದ ಆಮ್ಲಜನಕದ ಪ್ರಮಾಣ ಗಂಟೆಗಂಟೆಗೂ ಇಳಿಯುತ್ತಿತ್ತು. ಕೋಶಗಳು ದ್ವಿಗುಣಗೊಳ್ಳುವ ದಿನಗಳಲ್ಲಿ ಅದು ಏರಬೇಕಾಗಿತ್ತು. ಪಾಳಿಯವರು ಕೂಡಲೇ ಗ್ಲೂಕೋಸ್ ಅಳೆದರು, ಬಹುತೇಕ ಬರಿದಾಗಿತ್ತು. ಪೋಷಕದ್ರವ ಸಾಗಿಸುವ ಕೊಳವೆಯೊಂದು ಪಂಪಿನ ಬಳಿ ಮಡಚಿಕೊಂಡಿತ್ತು; ಪಂಪು ತಿರುಗುತ್ತಿತ್ತು, ಆದರೆ ಮೇವು ಒಳಗೆ ಹೋಗುತ್ತಿರಲಿಲ್ಲ. ಕೊಳವೆಯನ್ನು ಸರಿಪಡಿಸಿದರು, ಬೆಳಗಿನ ಹೊತ್ತಿಗೆ ಕೋಶಗಳ ಉಸಿರು ಮರಳಿತು. ನೀಲಿ ಬಣ್ಣ ಈ ಸುದ್ದಿಯನ್ನು ಹೇಳುವವರೆಗೆ ಕಾದಿದ್ದರೆ ತೊಟ್ಟಿಯಲ್ಲಿದ್ದುದೆಲ್ಲ ಚರಂಡಿಗೆ ಹೋಗುತ್ತಿತ್ತು. ಆ ಔಷಧಕ್ಕಾಗಿ ಎಲ್ಲೋ ಕಾಯುತ್ತಿದ್ದ ರೋಗಿಗೆ, ತನಗೆ ಅದು ಏಕೆ ಸಿಗಲಿಲ್ಲ ಎಂಬುದು ಎಂದಿಗೂ ತಿಳಿಯುತ್ತಿರಲಿಲ್ಲ.

ವಿದ್ಯುತ್ತಿನ ಸಾಕ್ಷಿ

ಪ್ರತಿ ಸಲವೂ ತೊಟ್ಟಿಯಿಂದ ದ್ರವ ತೆಗೆದು ನೋಡುವುದರಲ್ಲಿ ಒಂದು ಅಪಾಯವುಂಟು. ಬಾಗಿಲು ತೆರೆದಷ್ಟು ಸಲವೂ ಹೊರಗಿನ ಸೂಕ್ಷ್ಮಜೀವಿ ನುಸುಳುವ ಅವಕಾಶವಿದೆ. ಒಂದು ಬ್ಯಾಕ್ಟೀರಿಯ ಒಳಹೊಕ್ಕರೆ, ಪ್ರಾಣಿಕೋಶ ಒಂದು ಸಲ ಇಬ್ಭಾಗವಾಗಲು ಬೇಕಾದ ಸುಮಾರು ಒಂದು ದಿನದೊಳಗೆ, ಅದು ಹತ್ತಾರು ಸಲ ಇಬ್ಭಾಗವಾಗಿ ತೊಟ್ಟಿಯನ್ನೇ ಆಕ್ರಮಿಸುತ್ತದೆ. ಅದೂ ಅಲ್ಲದೆ, ದಿನಕ್ಕೊಮ್ಮೆ ಎಣಿಸಿದರೆ ನಡುವಿನ ಇಪ್ಪತ್ತನಾಲ್ಕು ಗಂಟೆ ಕತ್ತಲೆ.

ಆದ್ದರಿಂದ ತೊಟ್ಟಿಯೊಳಗೇ ನಿಂತು ಕ್ಷಣಕ್ಷಣವೂ ಸುದ್ದಿ ಕಳುಹಿಸುವ ಸಲಾಕೆಯೊಂದನ್ನು ಬಳಕೆಗೆ ತಂದರು. ಇದರ ತತ್ವ ಸರಳ. ಫ್ಯಾನಿಗೂ ಬೋರ್‌ವೆಲ್ ಮೋಟಾರಿಗೂ ಜೋಡಿಸುವ ಕೆಪಾಸಿಟರನ್ನು ನೀವು ನೋಡಿದ್ದೀರಿ. ವಿದ್ಯುತ್ ಹರಿಯುವ ಎರಡು ಪದರಗಳ ನಡುವೆ ಹರಿಯದ ಒಂದು ಪದರ. ಜೀವಕೋಶವೂ ಅಂಥದ್ದೇ. ಹೊರಗೆ ಉಪ್ಪಿನ ನೀರು, ಒಳಗೆ ಉಪ್ಪಿನ ನೀರು, ನಡುವೆ ವಿದ್ಯುತ್ ಹರಿಯಗೊಡದ ಕೊಬ್ಬಿನ ಪೊರೆ. ಸಲಾಕೆ ತನ್ನ ಸುತ್ತ ರೇಡಿಯೊ ತರಂಗಗಳ ಆವರ್ತನದಲ್ಲಿ ವಿದ್ಯುತ್ ಕ್ಷೇತ್ರವನ್ನು ಉಂಟುಮಾಡುತ್ತದೆ. ಪೊರೆ ಗಟ್ಟಿಯಾಗಿರುವ ಪ್ರತಿಯೊಂದು ಕೋಶವೂ ಪುಟ್ಟ ಕೆಪಾಸಿಟರಿನಂತೆ ವರ್ತಿಸುತ್ತದೆ. ಪೊರೆ ಹರಿದ ಕೋಶ ವಿದ್ಯುತ್ತನ್ನು ಹಿಡಿದಿಡಲಾರದು. ಅದು ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ಜೀವಂತ ಕೋಶಗಳ ಒಟ್ಟು ಗಾತ್ರವನ್ನು ಈ ಸಲಾಕೆ ಹನಿ ದ್ರವವನ್ನೂ ಹೊರತೆಗೆಯದೆ ಹೇಳುತ್ತದೆ. ಕೋಶಗಳು ಹಸಿದು ಕುಗ್ಗಿದರೂ ಅಂಕಿ ಬದಲಾಗುವುದರಿಂದ ಮುನ್ಸೂಚನೆಯೂ ದೊರೆಯುತ್ತದೆ.

ಇದರ ಬೇರು ನಮ್ಮ ಶಾಲೆಯಷ್ಟೇ ಹಳೆಯದು. 1925ರಲ್ಲಿ ಹ್ಯೂಗೊ ಫ್ರಿಕೆ ಎಂಬ ವಿಜ್ಞಾನಿ ರಕ್ತಕಣಗಳು ತೇಲುವ ದ್ರವದ ವಿದ್ಯುತ್ ಗುಣವನ್ನು ಅಳೆದು, ಅವುಗಳ ಪೊರೆ ಮಿಲಿಮೀಟರಿನ ಮೂರು ಲಕ್ಷದಲ್ಲಿ ಒಂದು ಭಾಗದಷ್ಟು ತೆಳುವಾಗಿದೆ ಎಂದು ಲೆಕ್ಕ ಹಾಕಿದರು. ಯಾರ ಕಣ್ಣಿಗೂ ಪೊರೆ ಕಾಣದಿದ್ದ ಕಾಲವದು. ಅಂದಿನ ಆ ಕುತೂಹಲ ಇಂದು ಕಾರ್ಖಾನೆಯ ಕಾವಲುಗಾರನಾಗಿದೆ.

ಒಂದೊಂದು ಕೋಶಕ್ಕೆ ಒಂದೊಂದು ಸ್ವಭಾವ

ಎಲ್ಲ ಕೋಶಗಳನ್ನೂ ಒಂದೇ ಕಣ್ಣಿನಿಂದ ನೋಡಲಾಗದು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಪಿಕಿಯ ಎಂಬ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಯೀಸ್ಟಿಗೆ ಗಟ್ಟಿಯಾದ ಹೊರಗೋಡೆಯಿದೆ; ಅದು ರಭಸದ ಕಲಕುವಿಕೆಯನ್ನು ತಡೆದುಕೊಳ್ಳುತ್ತದೆ. ಪ್ರಾಣಿಕೋಶಕ್ಕೆ ಆ ಗೋಡೆಯಿಲ್ಲ. ಗಾಳಿಗುಳ್ಳೆ ಒಡೆಯುವ ಪೆಟ್ಟಿಗೂ ಅದು ಒಡೆಯಬಹುದು. ಗಾಳಿ ಕೊಡದಿದ್ದರೆ ಉಸಿರುಗಟ್ಟುತ್ತದೆ, ರಭಸದಿಂದ ಕೊಟ್ಟರೆ ಏಟಾಗುತ್ತದೆ. ಇವೆರಡರ ನಡುವಿನ ಹದವನ್ನು ಹಿಡಿಯುವುದು ನಮ್ಮ ವೃತ್ತಿಯ ಮುಖ್ಯ ಕೌಶಲ.

ರೇಬೀಸ್ ಲಸಿಕೆಗೆ ಬೇಕಾದ ವೆರೊ ಕೋಶದ ಕಥೆ ಇನ್ನೂ ಸ್ವಾರಸ್ಯದ್ದು. ಜಪಾನಿನ ಚಿಬಾ ವಿಶ್ವವಿದ್ಯಾನಿಲಯದಲ್ಲಿ ಯಾಸುಮುರ ಮತ್ತು ಕವಾಕಿಟ ಎಂಬವರು 1962ರಲ್ಲಿ ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ಈ ಕೋಶಸಂತತಿಯನ್ನು ಆರಂಭಿಸಿದರು. ಎಸ್ಪರಾಂಟೊ ಭಾಷೆಯಲ್ಲಿ ಹಸಿರು ಮೂತ್ರಪಿಂಡ ಎಂಬುದರ ಸಂಕ್ಷೇಪವೇ ವೆರೊ. ಅದೇ ಭಾಷೆಯಲ್ಲಿ ಆ ಪದಕ್ಕೆ ಸತ್ಯ ಎಂಬ ಅರ್ಥವೂ ಇದೆ. ಈ ಕೋಶ ನೀರಿನಲ್ಲಿ ತೇಲುತ್ತ ಬಾಳಲು ಒಲ್ಲದು. ಅಂಟಿಕೊಳ್ಳಲು ನೆಲ ಬೇಕು. 1967ರಲ್ಲಿ ನೆದರ್ಲೆಂಡಿನ ವಾನ್ ವೆಜೆಲ್ ಎಂಬವರು ಸಾಸಿವೆಗಿಂತಲೂ ಸಣ್ಣ ಮಣಿಗಳನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಅವುಗಳ ಮೇಲೆ ಕೋಶಗಳನ್ನು ಬೆಳೆಸುವ ಉಪಾಯ ಕಂಡರು. ಅಂಥ ಒಂದು ಗ್ರಾಂ ಮಣಿಗಳ ಮೈಯನ್ನೆಲ್ಲ ಹರಡಿದರೆ ಸುಮಾರು 4,400 ಚದರ ಸೆಂಟಿಮೀಟರ್, ಅಂದರೆ ಕೇರಂ ಹಲಗೆಗಿಂತ ಸ್ವಲ್ಪ ಕಡಿಮೆ ಜಾಗ ದೊರೆಯುತ್ತದೆ. ಆರೋಗ್ಯವಂತ ವೆರೊ ಕೋಶ ಮಣಿಯ ಮೇಲೆ ಚಪ್ಪಟೆಯಾಗಿ ಮೈಚಾಚಿ ಮಲಗಿರುತ್ತದೆ. ಕಾಯಿಲೆಯಾದದ್ದು ದುಂಡಗಾಗಿ ಕಳಚಿಕೊಳ್ಳುತ್ತದೆ. ಇಲ್ಲಿ ಆಕಾರವೇ ಆರೋಗ್ಯದ ಲಕ್ಷಣ.

ಕಾಲುಬಾಯಿ ಜ್ವರದ ಲಸಿಕೆಯಲ್ಲಿ ಇನ್ನೊಂದು ತಿರುವಿದೆ. ಅದಕ್ಕೆ ಬಳಸುವುದು ಹ್ಯಾಮ್ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಮರಿಯ ಮೂತ್ರಪಿಂಡದಿಂದ 1961ರಲ್ಲಿ ಗ್ಲಾಸ್ಗೋದಲ್ಲಿ ಪಡೆದ ಬಿಎಚ್‌ಕೆ-21 ಎಂಬ ಕೋಶಸಂತತಿಯನ್ನು. ಕೋಶಗಳು ಪೂರ್ಣ ಆರೋಗ್ಯದಿಂದಿರುವಾಗಲೇ ವೈರಸ್ಸನ್ನು ತೊಟ್ಟಿಗೆ ಬಿಡಬೇಕು. ಸೊರಗಿದ ಕೋಶ ವೈರಸ್ಸನ್ನೂ ಸರಿಯಾಗಿ ಬೆಳೆಸಲಾರದು. ಒಂದು ದಿನದ ಆಸುಪಾಸಿನಲ್ಲಿ ವೈರಸ್ ಕೋಶಗಳನ್ನು ಒಡೆದು ಹೊರಬರುತ್ತದೆ. ಈಗ ಅದೇ ನೀಲಿ ಬಣ್ಣವನ್ನು ತಿರುಗಾಮುರುಗಾ ಓದಬೇಕು: ಹೆಚ್ಚಿನ ಕೋಶಗಳು ನೀಲಿಯಾದವೆಂದರೆ ಕೊಯ್ಲಿನ ಹೊತ್ತಾಯಿತು. ತಡಮಾಡಿದರೆ ವೈರಸ್ಸಿನ ಕಣಗಳು ಬಿಸಿಯಲ್ಲಿ ಚೂರಾಗುತ್ತವೆ, ಇಡಿಯಾದ ಕಣಗಳಿಲ್ಲದ ಲಸಿಕೆಗೆ ಬಲವಿರದು. ಅನಂತರ ವೈರಸ್ಸನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, 2ರಿಂದ 8 ಡಿಗ್ರಿಯ ತಂಪಿನಲ್ಲಿಟ್ಟು, ನಮ್ಮ ಪಶು ಆಸ್ಪತ್ರೆಯ ಫ್ರಿಜ್ಜಿನವರೆಗೆ ತರಬೇಕು. ಕಾವಲು ಮುಗಿಯುವುದು ಸೂಜಿ ಹಸುವಿನ ಮೈಗೆ ಇಳಿದ ಮೇಲೆಯೇ.

ಪರೀಕ್ಷೆ ಕೊನೆಗೋ, ದಾರಿಯಲ್ಲೋ?

ಔಷಧ ತಯಾರಿಸಿ ಮುಗಿಸಿ, ಕೊನೆಗೆ ಪರೀಕ್ಷೆ ಮಾಡಿ, ಚೆನ್ನಾಗಿದ್ದರೆ ಕಳುಹಿಸಿ, ಇಲ್ಲದಿದ್ದರೆ ಚೆಲ್ಲುವುದು ಹಿಂದಿನ ರೂಢಿ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ಮಾರ್ಗಸೂಚಿಯಲ್ಲಿ, ಗುಣವನ್ನು ಕೊನೆಯಲ್ಲಿ ಪರೀಕ್ಷಿಸಿ ತರಲಾಗದು, ತಯಾರಿಕೆಯ ಒಳಗೇ ಅದನ್ನು ಕಟ್ಟಬೇಕು ಎಂಬ ತತ್ವವನ್ನು ಎತ್ತಿ ಹಿಡಿಯಿತು. ಅಂತಿಮ ಪರೀಕ್ಷೆ ಇಂದಿಗೂ ಇದೆ, ಇರಬೇಕು. ಆದರೆ ಅದೊಂದೇ ಸಾಲದು.

ಉಪಕರಣಗಳು ಎಷ್ಟೇ ಬಂದರೂ ನೋಡುವ ಮನುಷ್ಯ ಬೇಕೆಂಬುದು ನಮ್ಮ ಅನುಭವ. ಸಲಾಕೆ ಅಂಕಿಯನ್ನು ಕೊಡುತ್ತದೆ. ಈ ಅಂಕಿ ನಿನ್ನೆಯಂತಿಲ್ಲವಲ್ಲ ಎಂಬ ಸಂಶಯ ಹುಟ್ಟುವುದು ಮನಸ್ಸಿನಲ್ಲಿ. ಆ ಸಂಶಯವನ್ನು ನಾವು ಕಲಿತದ್ದು ಈ ಶಾಲೆಯಲ್ಲಿ. ಹಾಜರಿ ಕರೆಯುವಾಗ ಹಾಜರ್ ಎಂದ ಮಗುವಿನ ದನಿಯಲ್ಲಿಯೇ ಹಸಿವನ್ನು ಗುರುತಿಸುತ್ತಿದ್ದ ಮೇಷ್ಟ್ರು, ಲೆಕ್ಕ ತಪ್ಪಿದ ಸ್ಲೇಟನ್ನು ಹಿಡಿದು ಎಲ್ಲಿಂದ ತಪ್ಪಿತು ಎಂದು ಹಿಂದಕ್ಕೆ ಹುಡುಕಿಸುತ್ತಿದ್ದ ಟೀಚರು, ಇವರೇ ನಮ್ಮ ಮೊದಲ ಮಾರ್ಗದರ್ಶಕರು.

ಆದ್ದರಿಂದ ಪೋಷಕರಲ್ಲಿಯೂ ಗುರುಗಳಲ್ಲಿಯೂ ನಮ್ಮದೊಂದು ವಿನಂತಿ. ಹತ್ತನೆಯ ತರಗತಿಯ ಫಲಿತಾಂಶ ನಮ್ಮ ನೀಲಿ ಬಣ್ಣವಿದ್ದಂತೆ. ಅದು ಸತ್ಯವನ್ನೇ ಹೇಳುತ್ತದೆ, ಆದರೆ ತಡವಾಗಿ ಹೇಳುತ್ತದೆ. ಮಗು ಆರನೆಯ ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಾಗ, ಏಳನೆಯ ತರಗತಿಯಲ್ಲಿ ಸೋಮವಾರಗಳಂದು ಬಾರದೆ ಹೋದಾಗ, ಓದುವ ಪುಸ್ತಕಕ್ಕಿಂತ ಹೊಲದ ಕೆಲಸವೇ ಅದಕ್ಕೆ ಹಗುರವೆನಿಸಿದಾಗ ನೋಡಬೇಕು. ಶಾಲೆ ಬಿಟ್ಟ ಮಗು ಯಾವ ಶೇಕಡಾವಾರಿನಲ್ಲಿಯೂ ಕಾಣುವುದಿಲ್ಲ ಎಂಬುದನ್ನು ಮರೆಯಬಾರದು.

ಮಕ್ಕಳಿಗೂ ಎರಡು ಮಾತು. ಕನ್ನಡದಲ್ಲಿ ಓದಿದವರಿಗೆ ಇಂಥ ಕೆಲಸ ದಕ್ಕದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪೊರೆ, ಉಸಿರು, ಹೆಪ್ಪು, ಮೇವು, ಹದ ಎಂಬ ಮಾತುಗಳಲ್ಲಿ ಈ ವಿಜ್ಞಾನದ ತಿರುಳನ್ನು ನಿಮಗೆ ಈಗ ತಾನೆ ಹೇಳಿದೆವು. ಇಂಗ್ಲಿಷಿನ ಹೆಸರುಗಳನ್ನು ಮುಂದೆ ಕಲಿಯಬಹುದು, ಕಲಿಯಲೇಬೇಕು. ಆದರೆ ಅರ್ಥ ಮೊದಲು ನಿಮ್ಮದಾಗಲಿ. ಶಾಲೆಯ ಸೂಕ್ಷ್ಮದರ್ಶಕದಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಬೇಕರಿಯ ಯೀಸ್ಟನ್ನು ಬೆಚ್ಚಗಿನ ಸಕ್ಕರೆ ನೀರಿನಲ್ಲಿ ಕದಡಿ, ತೆಳುವಾಗಿಸಿದ ಮೆಥಿಲೀನ್ ನೀಲಿಯ ಒಂದು ಹನಿಯನ್ನು ಗುರುಗಳ ಸಮ್ಮುಖದಲ್ಲಿ ಬೆರೆಸಿ ನೋಡಿ. ಜೀವಂತ ಯೀಸ್ಟ್ ಆ ಬಣ್ಣವನ್ನು ಒಳಗೇ ಮಾಯಮಾಡಿ ಬಣ್ಣವಿಲ್ಲದೆ ನಿಲ್ಲುತ್ತದೆ, ಸತ್ತದ್ದು ನೀಲಿಯಾಗುತ್ತದೆ. ಅರ್ಧವನ್ನು ಕುದಿಸಿ, ಇನ್ನರ್ಧವನ್ನು ಹಾಗೆಯೇ ಇಟ್ಟು ಹೋಲಿಸಿ, ಎಣಿಸಿ, ಬರೆದಿಡಿ. ನಮ್ಮ ವೃತ್ತಿಯ ಮೊದಲ ದಿನದ ಕೆಲಸ ಅಷ್ಟೇ.

ಕೊನೆಯದಾಗಿ, ಎಲ್ಲರಿಗೂ ಸಂಬಂಧಿಸಿದ ಮಾತು. ನಾಯಿ ಕಚ್ಚಿದರೆ ಗಾಯಕ್ಕೆ ಸುಣ್ಣ, ಖಾರ, ಸೊಪ್ಪಿನ ರಸ ಯಾವುದನ್ನೂ ಹಚ್ಚದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಲ್ಲೆಲ್ಲ ತಪ್ಪದೆ ಸೂಜಿ ಹಾಕಿಸಿಕೊಳ್ಳಿ. ಪಶುವೈದ್ಯರು ಊರಿಗೆ ಬಂದ ದಿನ ದನಗಳನ್ನು ಕಾಡಿಗೆ ಅಟ್ಟದೆ ಮನೆಯಲ್ಲಿ ಕಟ್ಟಿರಿ. ಆ ಪುಟ್ಟ ಸೀಸೆಯಲ್ಲಿರುವುದು ಕಾಣದ ಕೋಟ್ಯಂತರ ಕೋಶಗಳ ಶ್ರಮ, ಅವುಗಳ ನಾಡಿ ಹಿಡಿದು ಎಚ್ಚರವಾಗಿದ್ದವರ ಅನೇಕ ರಾತ್ರಿಗಳ ಶ್ರಮ. ಅದು ವ್ಯರ್ಥವಾಗದಿರಲಿ.